"ಗ್ಯಾಸ್ಟ್ರಿಕ್" ಅಂತ ಬಂದ ಜಲಜಕ್ಕ: ಹೃದಯದ ಮಾತ್ರೆ, ಎದೆಯುರಿಯ ಮಾತ್ರೆ, ಮತ್ತೆ ಒಂದು 5/7

ಆಗಸ್ಟ್ 14ರ ರಾತ್ರಿ ಹತ್ತೂವರೆ. ಹೊರಗೆ ಜೋರು ಮಳೆ. ಕ್ಯಾಶುವಲ್ಟಿಯಿಂದ ವೀಲ್‌ಚೇರ್‌ನಲ್ಲಿ ನಮ್ಮ ವಾರ್ಡಿಗೆ ಬಂದ ಜಲಜಕ್ಕ ಕೂತಲ್ಲಿಂದಲೇ ಹೇಳಿದರು, "ಎಂತ ಇಲ್ಲ ಸಿಸ್ಟರ್, ಗ್ಯಾಸ್ಟ್ರಿಕ್. ಒಂದು ಇಂಜೆಕ್ಷನ್ ಕೊಟ್ರೆ ಬೆಳಿಗ್ಗೆ ಮನೆಗೆ ಹೋಗ್ತೇನೆ."

ಕೇಸ್ ಶೀಟಿನಲ್ಲಿ ನಾನೂ ಅದನ್ನೇ ಬರೆದೆ. "ಗ್ಯಾಸ್ಟ್ರಿಕ್ ತೊಂದರೆ, ವಾಕರಿಕೆ, ಊಟ ಸೇರುವುದಿಲ್ಲ, ಮೂರು ವಾರದಿಂದ."

ಜಲಜಕ್ಕ ಅನ್ನುವುದು ಅವರ ನಿಜವಾದ ಹೆಸರಲ್ಲ. ಮನೆಯ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಆಸ್ಪತ್ರೆ ಉಡುಪಿಯದ್ದು, ಅಷ್ಟು ಸಾಕು. ಬರೆಯಲಿಕ್ಕೆ ಮನೆಯವರ ಒಪ್ಪಿಗೆ ಇದೆ. ಮಾತ್ರೆ, ಡೋಸು, ರಕ್ತಪರೀಕ್ಷೆಯ ಅಂಕಿಗಳನ್ನು ಮಾತ್ರ ಬದಲಿಸಿಲ್ಲ. ಅವು ಒಬ್ಬ ರೋಗಿಯ ಲೆಕ್ಕ. ಇದನ್ನು ಓದಿ ಯಾರೂ ತಮ್ಮ ಮನೆಯಲ್ಲಿ ಮಾತ್ರೆ ನಿಲ್ಲಿಸಲಿಕ್ಕೆ ಹೋಗಬೇಡಿ. ನಾನು ಬರೆಯುತ್ತಿರುವುದು ಮುಖ್ಯವಾಗಿ ನನ್ನ ಹಾಗೆ ಔಷಧಿ ಟ್ರೇ ಹಿಡಿದು ಓಡಾಡುವವರಿಗೆ.

ಜೂನ್‌ನಲ್ಲಿ ಬದಲಾದದ್ದು

ಜಲಜಕ್ಕನಿಗೆ 67 ವರ್ಷ. ಮಗ ಮಸ್ಕತ್‌ನಲ್ಲಿ. ಮನೆಯಲ್ಲಿ ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಆಮೇಲೆ ಹೃದಯದ ಪಂಪಿಂಗ್ ಶೇಕಡಾ 30ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಅದು 55ರ ಮೇಲೆ ಇರಬೇಕು. ಜೊತೆಗೆ ಏಟ್ರಿಯಲ್ ಫಿಬ್ರಿಲೇಷನ್. ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುತ್ತವೆ, ಕೈ ನಾಡಿ ಒಮ್ಮೆ ಬೇಗ ಒಮ್ಮೆ ನಿಧಾನ ಸಿಗುತ್ತದೆ. ಈ 'ಲಯ ತಪ್ಪಿದ ನಾಡಿ'ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎದೆಯುರಿಯೂ ಹಳೆಯದೇ. ಎಂಡೋಸ್ಕೋಪಿ ಮಾಡಿಸಿದ್ದರು, ಹೊಟ್ಟೆಯ ಆಮ್ಲ ಮೇಲೆ ಬರುತ್ತದೆ ಅಂತ ರಿಪೋರ್ಟ್ ಇತ್ತು. ಹಾರ್ಟ್ ಅಟ್ಯಾಕ್ ಆದಾಗಿನಿಂದ ದಿನಾ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ 40. ನಾಲ್ಕು ವರ್ಷ, ಒಂದು ದಿನವೂ ಬಿಟ್ಟಿಲ್ಲ.

ಆ ಜೂನ್‌ನಲ್ಲಿ ಉಬ್ಬಸ ಬಂದು ಬೇರೆ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಅಲ್ಲಿ ಪೊಟ್ಯಾಸಿಯಂ 5.8 ಇತ್ತು. ಜಾಸ್ತಿಯೇ. ಕಾರಣ ಸುಲಭ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆಗಳು. ಅದರ ಮೇಲೆ ಮನೆ ಹಿಂದಿನ ಗೆಂದಾಳಿ ತೆಂಗಿನ ಮರದ ಬೊಂಡ, ಅಂದರೆ ಎಳನೀರು, ದಿನಕ್ಕೆ ಎರಡು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟು ಇದೆ. ಅಲ್ಲಿನ ಡಾಕ್ಟರು ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿದರು, ಬೊಂಡ ಕುಡಿಯಲೇಬೇಡಿ ಅಂದರು. ನಾಡಿಯ ವೇಗ ಹಿಡಿತಕ್ಕೆ ತರಲು ಡಿಗಾಕ್ಸಿನ್ 0.25 ಹೊಸದಾಗಿ ಸೇರಿಸಿದರು. ಬರೆದದ್ದು ಎಲ್ಲವೂ ಆ ದಿನಕ್ಕೆ ಸರಿಯೇ ಇತ್ತು.

ಹೀಗೆ ಮನೆಗೆ ಹೋದ ಪಟ್ಟಿಯಲ್ಲಿ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಫ್ಯುರೋಸಮೈಡ್ 40 ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು, ರಾಮಿಪ್ರಿಲ್ 2.5, ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ 25, ಡಿಗಾಕ್ಸಿನ್ 0.25, ರಕ್ತ ಹೆಪ್ಪುಗಟ್ಟದ ಹಾಗೆ ಎಪಿಕ್ಸಬಾನ್, ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ, ಮತ್ತೆ ಪ್ಯಾಂಟೊಪ್ರಜೋಲ್. ತೂಕ 52 ಕಿಲೋ ಅಂತ ಬರೆದಿತ್ತು.

ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ಹೋಯಿತು, ಬೊಂಡ ಹೋಯಿತು. ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹಾಕುವ ಫ್ಯುರೋಸಮೈಡ್ ಮಾತ್ರ ದಿನಕ್ಕೆ ಎರಡು ಉಳಿಯಿತು. ಎರಡು ವಾರ ಬಿಟ್ಟು ರಕ್ತಪರೀಕ್ಷೆಗೆ ಬರಲು ಹೇಳಿದ್ದರಂತೆ. ಮಳೆ, ಬಸ್ಸಿಲ್ಲ, ಮೊಮ್ಮಗನಿಗೆ ಜ್ವರ. ಹೋಗಲಿಕ್ಕೆ ಆಗಲಿಲ್ಲ.

ಆಟಿ ಕಷಾಯದ ಮೇಲೆ ಬಂದ ಅಪವಾದ

ಜುಲೈಯಲ್ಲಿ ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳಿನದ್ದು. ನಮ್ಮ ಕಡೆ ಅಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುವುದು, ಆಮೇಲೆ ಉಷ್ಣ ಕಳೆಯಲು ಮೆಂತೆ ಗಂಜಿ ಉಣ್ಣುವುದು ಎಲ್ಲರಿಗೂ ಗೊತ್ತು. ಜಲಜಕ್ಕನೂ ಅರ್ಧ ಲೋಟ ಕುಡಿದರು. ಮೂರು ನಾಲ್ಕು ದಿನದಲ್ಲಿ ವಾಕರಿಕೆ ಶುರು. ಊಟ ಕಂಡರೆ ಬೇಡ. ಮನೆಯಲ್ಲಿ ತೀರ್ಮಾನ ಆಗಿಯೇ ಹೋಯಿತು: ಕಷಾಯದ ಉಷ್ಣ, ಅದರಿಂದ ಗ್ಯಾಸ್ಟ್ರಿಕ್.

ಹತ್ತಿರದ ಔಷಧಿ ಅಂಗಡಿಯಿಂದ ಪ್ಯಾಂಟೊಪ್ರಜೋಲ್ ಜೊತೆ ವಾಕರಿಕೆ ತಡೆಯುವ ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ತಂದರು. ಹಳೆಯ ಪ್ಯಾಂಟೊಪ್ರಜೋಲ್ ನಿಲ್ಲಿಸಲಿಲ್ಲ, ಅದರ ಮೇಲೆ ಇದು. ಜೊತೆಗೆ ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ಪುಡಿ. ಮೊದಲು ದಿನಕ್ಕೆ ಒಂದು ಪೊಟ್ಟಣ, ಆಮೇಲೆ ಮೂರು. "ಅದು ಕುಡಿದ ಕೂಡಲೇ ಒಂದು ತೇಗು ಬರ್ತದೆ, ಹಗುರ ಆಗ್ತದೆ" ಅಂದರು ಜಲಜಕ್ಕ.

ಆ ಪುಡಿಯ ಲೆಕ್ಕ ಇಲ್ಲಿ ಹೇಳಲೇಬೇಕು. ಅದರಲ್ಲಿ ಇರುವುದು ಹೆಚ್ಚಾಗಿ ಅಡಿಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. 1 ಗ್ರಾಂ ಅಡಿಗೆ ಸೋಡಾದಲ್ಲಿ ಸುಮಾರು 270 ಮಿ.ಗ್ರಾಂ ಸೋಡಿಯಂ ಇರುತ್ತದೆ. 5 ಗ್ರಾಂನ ಪೊಟ್ಟಣದಲ್ಲಿ ಸೋಡಾ ಅರ್ಧದಷ್ಟು ಅಂದುಕೊಂಡರೂ ಸುಮಾರು 675 ಮಿ.ಗ್ರಾಂ ಆಯಿತು. ಮೂರು ಪೊಟ್ಟಣಕ್ಕೆ ಸುಮಾರು 2,000. ಹೃದಯ ಸೋತವರಿಗೆ ಇಡೀ ದಿನಕ್ಕೆ 2,000 ಮಿ.ಗ್ರಾಂ ಸೋಡಿಯಂ ಅಂತ ನಾವು ಮಿತಿ ಹೇಳುತ್ತೇವೆ. ಉಪ್ಪಿನ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಒಂದು ಚಮಚ ಉಪ್ಪು ನೀರಿನಲ್ಲಿ ಕಲಸಿ ಕುಡಿದ ಹಾಗೆ. ಸೊಸೆ ಪಾಪ, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದರು, ಹಪ್ಪಳ ಕರಿಯುವುದನ್ನು ಬಿಟ್ಟಿದ್ದರು, ಒಣಮೀನು ಮನೆಗೇ ತರುತ್ತಿರಲಿಲ್ಲ. ಉಪ್ಪು ಮಾತ್ರ ಬೇರೆ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಸೋಡಾ ರುಚಿಗೆ ಉಪ್ಪಲ್ಲ ನೋಡಿ, ಯಾರಿಗೆ ಹೊಳೆಯಬೇಕು?

ಆಗಸ್ಟ್ ಎರಡನೇ ವಾರಕ್ಕೆ ಕಾಲು ಊದಿಕೊಂಡಿತು. ಮಲಗಿದರೆ ಎದೆ ಕಟ್ಟಿದ ಹಾಗೆ. ಎರಡು ದಿಂಬು ನಾಲ್ಕಾಯಿತು. ಅದಕ್ಕೂ ಗ್ಯಾಸ್ಟ್ರಿಕ್ ಅಂತಲೇ ಹೆಸರು.

ಆ ರಾತ್ರಿ ನಾನು ಮಾಡಿದ್ದು

ಹೊಟ್ಟೆಯ ಮೇಲ್ಭಾಗದ ಉರಿ ಅಂತ ಬಂದ ಹೃದಯದ ರೋಗಿಗೆ ಮೊದಲ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ಅದು ಕ್ಯಾಶುವಲ್ಟಿಯಲ್ಲಿ ಆಗಿತ್ತು. ಹೊಸ ಅಟ್ಯಾಕ್ ಇಲ್ಲ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡುವ ಟ್ರೋಪೋನಿನ್ ರಕ್ತಪರೀಕ್ಷೆ ಕೂಡ ಸರಿ. ಆಗ ನಾಡಿ 58. ತೂಕ ನೋಡಿದೆ, 55.6. ಮೂರು ವಾರದಿಂದ ಸರಿಯಾಗಿ ಊಟ ಮಾಡದವರ ತೂಕ ಮೂರೂವರೆ ಕಿಲೋ ಏರಿದೆ ಅಂದರೆ ಅದು ನೀರು. ಇಷ್ಟು ನನಗೆ ಹೊಳೆಯಿತು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ಫ್ಯುರೋಸಮೈಡ್ ಇಂಜೆಕ್ಷನ್ ಬರೆದರು. ವಾಕರಿಕೆಗೆ ಆಂಡಾನ್ಸೆಟ್ರಾನ್, ಉರಿಗೆ ಪ್ಯಾಂಟೊಪ್ರಜೋಲ್ ಇಂಜೆಕ್ಷನ್, ಕುಡಿಯಲು ಆಂಟಾಸಿಡ್ ಜೆಲ್. ಮನೆಯ ಮಾತ್ರೆಗಳು ಹಾಗೇ ಮುಂದುವರಿಯಲಿ ಅಂತ ಆದೇಶ. ನಾನು ಡಿಸ್ಚಾರ್ಜ್ ಸಮ್ಮರಿ ನೋಡಿ ಡ್ರಗ್ ಚಾರ್ಟಿಗೆ ಇಳಿಸಿದೆ. ಡಿಗಾಕ್ಸಿನ್ 0.25, ಬೆಳಿಗ್ಗೆ 8 ಗಂಟೆ.

ಎಲ್ಲ ಹೇಳಿದ ಹಾಗೆ ಕೊಟ್ಟೆ. ಫ್ಯುರೋಸಮೈಡ್ ನಿಧಾನ ಕೊಟ್ಟೆ. ಜೆಲ್ ಕೊಟ್ಟು ರಾತ್ರಿಯ ಮಾತ್ರೆಗೆ ಎರಡು ಗಂಟೆ ಅಂತರ ಬಿಟ್ಟೆ. ಆಂಟಾಸಿಡ್ ಜೆಲ್ ಕೆಲವು ಮಾತ್ರೆಗಳನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಅದರಲ್ಲಿ ಡಿಗಾಕ್ಸಿನ್ ಕೂಡ ಒಂದು. ಪುಸ್ತಕದ ಪ್ರಕಾರ ತಪ್ಪಿಲ್ಲದ ರಾತ್ರಿ.

ಸುಮಾರು ಹನ್ನೆರಡಕ್ಕೆ ಡ್ರಿಪ್ ನೋಡಲು ಹೋದಾಗ ಜಲಜಕ್ಕ ನನ್ನನ್ನೇ ದಿಟ್ಟಿಸಿ ನೋಡಿದರು.

"ಸಿಸ್ಟರ್, ನಿಮ್ಮ ಬಿಳಿ ಡ್ರೆಸ್ಸು ಎಂತ ಹೀಗೆ ಹಳದಿ ಆಗಿದೆ? ನೀಲಿ ಹಾಕಿ ಒಗೆಯುವುದಿಲ್ವಾ?"

ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಮಳೆಗಾಲ, ಬಟ್ಟೆ ಒಣಗುವುದಿಲ್ಲ, ಇರಬಹುದು. "ಟ್ಯೂಬ್‌ಲೈಟಿನ ಬಣ್ಣ ಇರ್ಬೇಕು ಅಕ್ಕ" ಅಂದೆ. "ಹೌದು, ಅದೂ ಹಳದಿಯೇ" ಅಂದರು. ನಾನು ಮುಂದಿನ ಹಾಸಿಗೆಗೆ ಹೋದೆ.

ಒಂದು ಗಂಟೆಗೆ ಲ್ಯಾಬಿನಿಂದ ಫೋನ್. ಪೊಟ್ಯಾಸಿಯಂ 2.9, ಕಿಡ್ನಿಯ ಕೆಲಸ ಹೇಳುವ ಕ್ರಿಯಾಟಿನಿನ್ 1.5. ಜೂನ್‌ನಲ್ಲಿ 5.8 ಇದ್ದವರಿಗೆ 2.9 ಹೇಗೆ? ಸ್ಯಾಂಪಲ್ ಬದಲಾಗಿರಬೇಕು ಅಂತಲೇ ಎಲ್ಲರೂ ಅಂದುಕೊಂಡೆವು. ಮತ್ತೆ ಕಳಿಸಿದೆವು. ಮತ್ತೆ 2.9. ಡಾಕ್ಟರು ಪೊಟ್ಯಾಸಿಯಂ ಡ್ರಿಪ್ ಬರೆದರು.

ನಾಡಿ ಲಯಕ್ಕೆ ಬಂತು, ಅದೇ ಹೆದರಿಕೆ

ಬೆಳಿಗ್ಗೆ ಆರಕ್ಕೆ ಬಿಪಿ ಮೆಷಿನ್ ನಾಡಿ 47 ತೋರಿಸಿತು. ಲಯ ತಪ್ಪಿದ ನಾಡಿ ಇರುವವರಲ್ಲಿ ಈ ಮೆಷಿನ್ ಎಣಿಕೆ ತಪ್ಪುವುದು ಹೊಸದಲ್ಲ. ಹಾಗಾಗಿ ಸ್ಟೆತಸ್ಕೋಪ್ ಇಟ್ಟು ಎಡ ಎದೆಯ ಕೆಳಗೆ ಪೂರ್ತಿ ಒಂದು ನಿಮಿಷ ಎಣಿಸಿದೆ. ಡಿಗಾಕ್ಸಿನ್ ಕೊಡುವ ಮೊದಲು ಹೀಗೆ ಎಣಿಸಬೇಕು, 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರಿಗೆ ಹೇಳಬೇಕು ಅಂತ ಟ್ರೇನಿಂಗಿನ ಮೊದಲ ವರ್ಷವೇ ಕಲಿಸುತ್ತಾರೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕೆ ಇದೆ ಅಂತ ನಾನು ಹೇಳಬೇಕಾಗಿಲ್ಲ.

46. ಟಕ್, ಟಕ್, ಟಕ್. ಗೋಡೆ ಗಡಿಯಾರದ ಹಾಗೆ.

ನಿಧಾನ ಇದ್ದದ್ದಕ್ಕಿಂತ, ಸಮವಾಗಿ ಇದ್ದದ್ದು ನನ್ನನ್ನು ತಡೆಯಿತು. ಜೂನ್‌ನ ಫೈಲಿನಲ್ಲಿ ಪ್ರತಿ ಪುಟದಲ್ಲೂ "ನಾಡಿ ಅನಿಯಮಿತ" ಅಂತ ಇದೆ. ನಾಲ್ಕು ವರ್ಷ ಲಯ ತಪ್ಪಿದ ನಾಡಿ ಒಂದು ರಾತ್ರಿಯಲ್ಲಿ ಸುಮ್ನೆ ಸರಿಯಾಗುತ್ತದಾ? ಏಟ್ರಿಯಲ್ ಫಿಬ್ರಿಲೇಷನ್ ಇದ್ದು ಡಿಗಾಕ್ಸಿನ್ ತೆಗೆದುಕೊಳ್ಳುವವರ ನಾಡಿ ನಿಧಾನವಾಗಿ, ಸಮವಾಗಿ ಬಡಿಯಲು ಶುರುವಾದರೆ ಅದು ಗುಣವಾದ ಲಕ್ಷಣ ಅಲ್ಲ. ಮೇಲಿನ ಕೋಣೆಯಿಂದ ಬರುವ ಸಂದೇಶ ನಡುವೆಯೇ ತಡೆದುಹೋಗಿ, ಹೃದಯ ಕೆಳಗಿನಿಂದ ತನ್ನದೇ ನಿಧಾನ ಲಯ ಹಿಡಿದಿರಬಹುದು. ಡಿಗಾಕ್ಸಿನ್ ವಿಷವಾಗುವಾಗ ಹೀಗಾಗುತ್ತದೆ.

ಆಗ ಮಧ್ಯರಾತ್ರಿಯ ಹಳದಿ ಡ್ರೆಸ್ಸು ನೆನಪಾಯಿತು.

ಡಿಗಾಕ್ಸಿನ್ ಬರುವುದು ಫಾಕ್ಸ್‌ಗ್ಲೋವ್ ಅನ್ನುವ ಗಿಡದ ಜಾತಿಯಿಂದ. 1785ರಲ್ಲೇ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರು ಆ ಎಲೆ ಜಾಸ್ತಿಯಾದರೆ ಏನಾಗುತ್ತದೆ ಅಂತ ಬರೆದಿಟ್ಟಿದ್ದಾರೆ: ವಾಕರಿಕೆ, ವಾಂತಿ, ವಸ್ತುಗಳು ಹಳದಿ ಅಥವಾ ಹಸಿರಾಗಿ ಕಾಣುವುದು, ನಿಮಿಷಕ್ಕೆ 35ರವರೆಗೂ ಇಳಿಯುವ ನಾಡಿ. ಇನ್ನೂರ ಮೂವತ್ತು ವರ್ಷಕ್ಕೂ ಹಿಂದೆ ಬರೆದಿಟ್ಟ ಲಕ್ಷಣವನ್ನು ರೋಗಿ ತಾವಾಗಿಯೇ ಹೇಳಿದ್ದರು. ನಾನು ಒಗೆಯುವ ನೀಲಿಯ ಬಗ್ಗೆ ಯೋಚಿಸುತ್ತಿದ್ದೆ.

ಸೊಸೆಯನ್ನು ಎಬ್ಬಿಸಿದೆ. "ಮನೆಯಿಂದ ತಂದ ಮಾತ್ರೆ ಎಲ್ಲ ಒಮ್ಮೆ ತೋರಿಸಿ. ಅಂಗಡಿಯಿಂದ ತಂದದ್ದು, ಪುಡಿ, ಎಣ್ಣೆ, ಎಂತದ್ದೂ ಇರಲಿ." ಬಟ್ಟೆ ಅಂಗಡಿಯ ಚೀಲದಿಂದ ಎಲ್ಲ ಹಾಸಿಗೆ ಮೇಲೆ ಸುರಿದರು. ಡೊಂಪೆರಿಡೋನ್ ಕ್ಯಾಪ್ಸೂಲ್ ಕಂಡದ್ದು ಆಗಲೇ. ನೊರೆ ಪುಡಿಯ ಹನ್ನೊಂದು ಪೊಟ್ಟಣ. ಗಂಟು ನೋವಿಗೆ ಅಂತ ಡೈಕ್ಲೋಫೆನಾಕ್ ಸ್ಟ್ರಿಪ್, "ವಾರಕ್ಕೆ ಎರಡೋ ಮೂರೋ ಅಷ್ಟೇ." ಮತ್ತೆ ಡಿಗಾಕ್ಸಿನ್. ಐದು ಸ್ಟ್ರಿಪ್ ತಂದಿದ್ದರು, 50 ಮಾತ್ರೆ. ಉಳಿದದ್ದು 9.

"ಇದು ಯಾವಾಗಿನಿಂದ ಶುರು ಮಾಡಿದ್ದು?"

"ಜುಲೈ ಐದರಿಂದ. ಚೀಟಿಯಲ್ಲಿ ಬರೆದಿತ್ತಲ್ಲ ಸಿಸ್ಟರ್."

ಚೀಟಿ ತೆಗೆದರು. ಡಿಗಾಕ್ಸಿನ್ 0.25, ಅದರ ಮುಂದೆ 5/7.

5/7 ಅಂದರೆ ವಾರದ ಏಳು ದಿನದಲ್ಲಿ ಐದು ದಿನ ಮಾತ್ರ. ಎರಡು ದಿನ ರಜೆ. ಡಿಗಾಕ್ಸಿನ್ ದೇಹದಿಂದ ಹೊರಹೋಗುವುದು ನಿಧಾನ, ಅದಕ್ಕೆ ನಮ್ಮಲ್ಲಿ ಹೀಗೆ ಬರೆಯುವ ರೂಢಿ. ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಜೂನ್ ಕೊನೆಗೆ ಮನೆಗೆ ಹೋದ ಸೊಸೆ ಅದನ್ನು ತಾರೀಕು ಅಂತ ಓದಿದರು. ಜುಲೈ ಐದರವರೆಗೆ ಕಾದು ಅಂದಿನಿಂದ ದಿನಾ ಒಂದು ಕೊಟ್ಟರು. ಜುಲೈ 5ರಿಂದ ಆಗಸ್ಟ್ 14, 41 ದಿನ, 41 ಮಾತ್ರೆ. ಲೆಕ್ಕ ಒಂದೂ ತಪ್ಪಿಲ್ಲ. ಮೂವತ್ತರ ಹತ್ತಿರ ಇರಬೇಕಿತ್ತು ಅಷ್ಟೇ. ಅವರಷ್ಟು ಜತನದಿಂದ ಮಾತ್ರೆ ಕೊಡುವವರು ಅಪರೂಪ. ಆ ಜತನವೇ ಇಲ್ಲಿ ಮುಳುವಾಯಿತು. ನಾನು ಚಾರ್ಟಿಗೆ ಇಳಿಸುವಾಗಲೂ 5/7 ಕಂಡಿತ್ತು. ಅಂದು ಐದರಲ್ಲಿ ಒಂದು ದಿನವೋ ಎರಡರಲ್ಲಿ ಒಂದು ದಿನವೋ ಅಂತ ಕೇಳಿಕೊಳ್ಳದೆ 8 ಗಂಟೆಗೆ ಬರೆದಿದ್ದೆ.

ಚಾರ್ಟಿನಲ್ಲಿ ಡಿಗಾಕ್ಸಿನ್ ಸುತ್ತ ಕೆಂಪು ಪೆನ್ನಿನಲ್ಲಿ "ತಡೆದಿದೆ, ನಾಡಿ 46" ಅಂತ ಬರೆದು ಫಿಸಿಷಿಯನ್‌ಗೆ ಫೋನ್ ಮಾಡಿದೆ. ಅಂದು ಆಗಸ್ಟ್ 15, ರಜೆ. ಹೇಳುವಾಗ ಒಂದೇ ಉಸಿರಿನಲ್ಲಿ ಹೇಳಿದೆ: ನಾಡಿ 46, ಸಮವಾಗಿದೆ, ಹಳದಿ ಕಾಣುತ್ತದೆ ಅಂತಾರೆ, ಪೊಟ್ಯಾಸಿಯಂ 2.9, ಡಿಗಾಕ್ಸಿನ್ 41 ದಿನ ಬಿಡದೆ, ಮೂರು ವಾರದಿಂದ ಡೊಂಪೆರಿಡೋನ್. ಅವರು ಇಪ್ಪತ್ತು ನಿಮಿಷದಲ್ಲಿ ಬಂದರು.

ಇಸಿಜಿ ಮತ್ತೆ ಆಯಿತು. ಸಂಶಯ ಸರಿಯಾಗಿತ್ತು. ಡಿಗಾಕ್ಸಿನ್, ಮೆಟೊಪ್ರೊಲಾಲ್ ಎರಡೂ ನಿಂತವು. ಡೊಂಪೆರಿಡೋನ್, ಆಂಡಾನ್ಸೆಟ್ರಾನ್ ಕೂಡ ನಿಂತವು. ಇವೆರಡೂ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರವನ್ನು ಉದ್ದ ಮಾಡಬಲ್ಲವು, ಪೊಟ್ಯಾಸಿಯಂ ಕಡಿಮೆ ಇರುವಾಗ ಇನ್ನೂ ಅಪಾಯ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಡೊಂಪೆರಿಡೋನ್ ಅನ್ನು ವಾಕರಿಕೆ ವಾಂತಿಗೆ ಮಾತ್ರ, ಸ್ವಲ್ಪ ದಿನಕ್ಕೆ ಮಾತ್ರ ಅಂತ ಮಿತಿಗೊಳಿಸಿತು, ಹೃದಯ ಸೋತವರಿಗೆ ಬೇಡ ಅಂದಿತು. ನಮ್ಮಲ್ಲಿ ಅದು ಎದೆಯುರಿಯ ಮಾತ್ರೆಯೊಳಗೆ ಸೇರಿಕೊಂಡು ಬರುತ್ತದೆ. ಕೇಳಿದರೆ "ಗ್ಯಾಸ್ಟ್ರಿಕ್ ಮಾತ್ರೆ" ಅನ್ನುತ್ತಾರೆ, ಎರಡು ಔಷಧ ಅಂತ ಗೊತ್ತೇ ಇರುವುದಿಲ್ಲ.

ಡಿಗಾಕ್ಸಿನ್ ಮಟ್ಟಕ್ಕೆ ರಕ್ತ ತೆಗೆದೆವು. ಕೊನೆಯ ಮಾತ್ರೆ ತೆಗೆದುಕೊಂಡು ಕನಿಷ್ಠ ಆರು ಗಂಟೆ ಕಳೆದಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ. ಇವರದ್ದು ಇಪ್ಪತ್ತೆರಡು ಗಂಟೆ ಕಳೆದಿತ್ತು. ಹೊರಗಿನ ಲ್ಯಾಬಿಗೆ ಹೋಗಿ ರಿಪೋರ್ಟ್ ಬಂದದ್ದು ಮರುದಿನ: 2.6. ಹೃದಯ ಸೋತವರಲ್ಲಿ 0.5ರಿಂದ 0.9ರೊಳಗೆ ಇಡಲು ನೋಡುತ್ತಾರೆ. ಆದರೆ ನಿರ್ಧಾರ ಆ ರಿಪೋರ್ಟಿಗೆ ಕಾಯಲಿಲ್ಲ, ಅದು ದೊಡ್ಡ ಸಂಗತಿ.

ಪೊಟ್ಯಾಸಿಯಂ ಏರದ ಹಗಲು

ಮಾನಿಟರ್ ಹಾಕಿದೆವು. ನಾಡಿ ಏರಿಸುವ ಅಟ್ರೋಪಿನ್ ಇಂಜೆಕ್ಷನ್ ಹಾಸಿಗೆ ಪಕ್ಕದಲ್ಲೇ ತಯಾರು. ಪೊಟ್ಯಾಸಿಯಂ ಡ್ರಿಪ್ ಕೈಯ ಸಣ್ಣ ರಕ್ತನಾಳದಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ದಾಟದ ಹಾಗೆ ಹೋಗುತ್ತಿತ್ತು. ಅದನ್ನು ಎಂದೂ ಸಿರಿಂಜಿನಲ್ಲಿ ನೇರ ಕೊಡಬಾರದು, ಹೃದಯ ನಿಂತುಹೋಗುತ್ತದೆ. ಇಲ್ಲಿ ಇನ್ನೊಂದು ಎಚ್ಚರವೂ ಇತ್ತು. ಹೃದಯದ ಸಂದೇಶ ಈಗಾಗಲೇ ತಡೆದಿರುವಾಗ ಪೊಟ್ಯಾಸಿಯಂ ಜಾಸ್ತಿಯಾದರೂ ತಡೆ ಹೆಚ್ಚುತ್ತದೆ. ಹಾಗಾಗಿ ಮತ್ತೆ ಮತ್ತೆ ಪರೀಕ್ಷೆ.

ಸಂಜೆ ನಾಲ್ಕಕ್ಕೆ 3.0. ಅಷ್ಟು ಕೊಟ್ಟದ್ದಕ್ಕೆ ಏರಿದ್ದು ಬರೀ 0.1.

ಆ ದಿನ ನಾನು ಮನೆಗೆ ಹೋಗಿ ಮಲಗಿ ಸಂಜೆ ವಾಪಸ್ ಬಂದಿದ್ದೆ. ಹ್ಯಾಂಡೋವರ್‌ನಲ್ಲಿ ಈ 3.0 ಕೇಳಿದಾಗ ಚೀಲದ ಇನ್ನೊಂದು ವಸ್ತು ನೆನಪಾಯಿತು. ಪ್ಯಾಂಟೊಪ್ರಜೋಲ್, ನಾಲ್ಕು ವರ್ಷ, ಕೊನೆಯ ಮೂರು ವಾರ ಡಬಲ್. ಈ ಗುಂಪಿನ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಅಮೆರಿಕದ ಎಫ್‌ಡಿಎ 2011ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಡಿಗಾಕ್ಸಿನ್ ಅಥವಾ ಮೂತ್ರದ ಮಾತ್ರೆ ಜೊತೆಗೆ ತೆಗೆದುಕೊಳ್ಳುವವರಲ್ಲಿ ವಿಶೇಷವಾಗಿ ನೋಡಿಕೊಳ್ಳಿ ಅಂದಿತ್ತು. ಫ್ಯುರೋಸಮೈಡ್ ಕೂಡ ಮೆಗ್ನೀಸಿಯಂ ಹೊರಹಾಕುತ್ತದೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಕಿಡ್ನಿ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುವುದಿಲ್ಲ, ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ ಆಗುತ್ತದೆ.

"ಸರ್, ಮೆಗ್ನೀಸಿಯಂ ಕಳಿಸಿಲ್ಲ ಅಲ್ವಾ?" ಅಂತ ಕೇಳಿದೆ. ಕಳಿಸಿರಲಿಲ್ಲ. ನಮ್ಮಲ್ಲಿ ಸಾಮಾನ್ಯ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅದು ಇರಲಿಲ್ಲ. ಬೇಕು ಅಂದರೆ ಬೇರೆ ಬರೆಯಬೇಕು. ಬಂದ ಉತ್ತರ 1.1. ಕನಿಷ್ಠ 1.7 ಆದರೂ ಇರಬೇಕು.

ಮೆಗ್ನೀಸಿಯಂ ಸಲ್ಫೇಟ್ ಡ್ರಿಪ್‌ನಲ್ಲಿ ನಿಧಾನ ಹೋಯಿತು. ಕೊಡುವಾಗ ಉಸಿರು, ಬಿಪಿ, ಮೊಣಕಾಲಿನ ರಿಫ್ಲೆಕ್ಸ್, ಮೂತ್ರ ಎಷ್ಟು ಬರುತ್ತಿದೆ ಇಷ್ಟನ್ನು ನೋಡುತ್ತಾ ಇರಬೇಕು. ಇವರ ಕ್ರಿಯಾಟಿನಿನ್ 1.5, ಅಂದರೆ ಕಿಡ್ನಿ ಸ್ವಲ್ಪ ಹಿಂದೆ ಬಿದ್ದಿದೆ, ಮೆಗ್ನೀಸಿಯಂ ದೇಹದಲ್ಲೇ ಉಳಿದುಬಿಡಬಹುದು. ಕಿಡ್ನಿ ಹಿಂದೆ ಬೀಳಲು ಗಂಟು ನೋವಿನ ಆ ಡೈಕ್ಲೋಫೆನಾಕ್ ಕೂಡ ಕೈ ಜೋಡಿಸಿತ್ತು ಅನ್ನುವುದು ಫಿಸಿಷಿಯನ್ ಅಭಿಪ್ರಾಯ. ಕಿಡ್ನಿ ನಿಧಾನ ಆದಾಗ ಡಿಗಾಕ್ಸಿನ್ ಹೊರಹೋಗುವುದೂ ನಿಧಾನ. ಸೋಡಾ ಪುಡಿ ರಕ್ತವನ್ನು ಕ್ಷಾರದ ಕಡೆ ಎಳೆದು ಪೊಟ್ಯಾಸಿಯಂ ಅನ್ನು ಇನ್ನಷ್ಟು ಇಳಿಸಿರಬಹುದು. ಒಂದನ್ನೇ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಎಲ್ಲ ಸಣ್ಣ ಸಣ್ಣವು, ಒಟ್ಟಿಗೆ ಸೇರಿದವು.

16ರ ಬೆಳಿಗ್ಗೆ ಪೊಟ್ಯಾಸಿಯಂ 3.5. 17ಕ್ಕೆ 4.1. ಮೂತ್ರದ ಇಂಜೆಕ್ಷನ್ ಮತ್ತೆ ಶುರು, ಊತ ಇಳಿಯಿತು. 17ರ ಮಧ್ಯಾಹ್ನ ನಾಡಿ 68, ಹಳೆಯ ಹಾಗೆ ಎಡವಿ ಎಡವಿ. ಲಯ ತಪ್ಪಿದ ನಾಡಿ ಕಂಡು ಇಷ್ಟು ಖುಷಿ ಆದದ್ದು ನನಗೆ ಅದೇ ಮೊದಲು. ಆ ದಿನವೇ ಜಲಜಕ್ಕ "ಸ್ವಲ್ಪ ಗಂಜಿ ಸಿಗಬಹುದಾ, ಚಟ್ನಿ ಇದ್ರೆ ಒಳ್ಳೆದಿತ್ತು" ಅಂದರು. ಮೂರು ವಾರದ 'ಗ್ಯಾಸ್ಟ್ರಿಕ್' ಎದೆಯುರಿಯ ಒಂದು ಮಾತ್ರೆಯನ್ನೂ ಹೆಚ್ಚಿಸದೆ ಹೋಯಿತು.

ನಡುವೆ ಒಂದು ಜಗಳ ಆಗಿತ್ತು. ಡ್ರಿಪ್ ಮುಗಿದ ಮೇಲೆ ಪೊಟ್ಯಾಸಿಯಂ ಸಿರಪ್ ಬರೆದಿದ್ದರು. ಮೊದಲ ಗುಟುಕಿಗೇ ಜಲಜಕ್ಕ ಲೋಟ ದೂರ ಇಟ್ಟರು. "ಇದು ಬೆಂಕಿ, ನನಗೆ ಬೇಡ." ಸುಳ್ಳಲ್ಲ. ಪೊಟ್ಯಾಸಿಯಂ ಸಿರಪ್ ಅನ್ನನಾಳವನ್ನು, ಹೊಟ್ಟೆಯನ್ನು ಕೆಣಕುತ್ತದೆ. ಎದೆಯುರಿ ಇರುವವರಿಗೆ ಹಾಗೇ ಕೊಡುವುದು ತಪ್ಪು. ಅರ್ಧ ಲೋಟ ನೀರಿನಲ್ಲಿ ಕಲಸಿ, ಊಟದ ನಡುವೆ, ಕೂತುಕೊಂಡೇ, ಸ್ವಲ್ಪ ಸ್ವಲ್ಪ ಕುಡಿಸಿದೆವು. ಆ ಅರ್ಧ ಲೋಟವನ್ನೂ ದಿನದ ಒಂದೂವರೆ ಲೀಟರ್ ನೀರಿನ ಲೆಕ್ಕಕ್ಕೆ ಸೇರಿಸಿ ಬರೆದೆವು.

ಎದೆಯುರಿ ಸುಳ್ಳಲ್ಲ

ಇಷ್ಟೆಲ್ಲ ಆದ ಮೇಲೆ ನಮ್ಮ ವಾರ್ಡಿನಲ್ಲಿ ಒಂದು ಚರ್ಚೆ ಆಯಿತು. ಪ್ಯಾಂಟೊಪ್ರಜೋಲ್ ನಿಲ್ಲಿಸಿಬಿಡಬೇಕಾ? ಕಿರಿಯ ಸಿಸ್ಟರ್ ಒಬ್ಬರು ಅದೇ ಎಲ್ಲಕ್ಕೂ ಕಾರಣ ಅನ್ನುವ ಹಾಗೆ ಮಾತಾಡಿದರು. ನಾನು ಒಪ್ಪಲಿಲ್ಲ. ಎಂಡೋಸ್ಕೋಪಿಯಲ್ಲಿ ಕಂಡ ತೊಂದರೆ ನಿಜ, ರಕ್ತ ತೆಳುವಾಗುವ ಮಾತ್ರೆಯೂ ಇದೆ. ಡಾಕ್ಟರು ದಿನಕ್ಕೆ ಒಂದು ಅಂತ ಉಳಿಸಿಕೊಂಡರು. ಮೂರು ತಿಂಗಳಿಗೊಮ್ಮೆ ಮೆಗ್ನೀಸಿಯಂ ನೋಡುವುದು, ಆಮೇಲೆ ಡೋಸ್ ಇಳಿಸಲು ಪ್ರಯತ್ನಿಸುವುದು ಅಂತ ಬರೆದರು.

ಕೇಳಿ ನೋಡಿದರೆ ನಾಲ್ಕು ವರ್ಷವೂ ಆ ಮಾತ್ರೆಯನ್ನು ರಾತ್ರಿ ಊಟದ ಮೇಲೆ ತೆಗೆದುಕೊಳ್ಳುತ್ತಿದ್ದರು. "ಖಾಲಿ ಹೊಟ್ಟೆಗೆ ಮಾತ್ರೆ ತಿಂದ್ರೆ ಗ್ಯಾಸ್ಟ್ರಿಕ್ ಆಗ್ತದಲ್ಲ." ತಮಾಷೆ ಅನ್ನಿಸಿದರೂ ಅವರ ಪಾಲಿಗೆ ಅದು ಸರಿಯಾದ ಯೋಚನೆ, ಉಳಿದ ಎಷ್ಟೋ ಮಾತ್ರೆಗೆ ನಾವೇ ಹಾಗೆ ಹೇಳಿರುತ್ತೇವೆ. ಪ್ಯಾಂಟೊಪ್ರಜೋಲ್ ಕೆಲಸ ಮಾಡಬೇಕಾದರೆ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹೊಟ್ಟೆಗೆ ಹೋಗಿರಬೇಕು. ಊಟ ಬಂದಾಗ ಆಮ್ಲ ಮಾಡುವ ಪಂಪುಗಳು ಚುರುಕಾಗುತ್ತವೆ, ಅದು ತಡೆಯುವುದು ಚುರುಕಾದ ಪಂಪನ್ನು. ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಅಂತ ಬದಲಿಸಿದೆವು. ಉರಿ ಅರ್ಧ ಕಡಿಮೆಯಾಯಿತು.

ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಆರು ಇಂಚು ಎತ್ತರಿಸಲು ಹೇಳಿದೆ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಆಮ್ಲ ಮೇಲೆ ಬರುತ್ತದೆ. ಈ ಎತ್ತರ ಹೃದಯಕ್ಕೂ ಹಿತ, ಅನ್ನನಾಳಕ್ಕೂ ಹಿತ. ಇದರಲ್ಲಿ ಒಂದು ತೊಡಕೂ ಇದೆ. ಮಲಗಿದರೆ ಜಾಸ್ತಿ, ಕೂತರೆ ಕಡಿಮೆ ಅನ್ನುವುದು ಎರಡೂ ಕಾಯಿಲೆಯ ಲಕ್ಷಣ. ಅದಕ್ಕೆ ಸೊಸೆಗೆ ಹೇಳಿದ್ದು ಇಷ್ಟು: ಗಂಟಲಿಗೆ ಹುಳಿ ಬಂದರೆ, ಊಟ ಆದ ಕೂಡಲೇ ಉರಿದರೆ ಎದೆಯುರಿ ಇರಬಹುದು. ಮಲಗಿ ಒಂದೆರಡು ಗಂಟೆ ಬಿಟ್ಟು ಉಸಿರು ಕಟ್ಟಿ ಏಳುವುದು, ಕೆಮ್ಮು, ಕಾಲು ಊತ, ತೂಕ ಏರುವುದು ಇದ್ದರೆ ಹೃದಯ. ಎದೆ ಹಿಂಡಿದ ಹಾಗೆ ಆಗಿ ಬೆವರಿದರೆ ಯೋಚನೆ ಮಾಡುತ್ತಾ ಕೂರಬೇಡಿ, ಹೊರಡಿ. ಯಾವುದು ಅಂತ ಗೊಂದಲ ಆದರೆ ತೂಕದ ಮೆಷಿನ್ ಹತ್ತಿಸಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಫೋನ್ ಮಾಡಿ.

ಮನೆಗೆ

ಎಂಟನೇ ದಿನ ಡಿಸ್ಚಾರ್ಜ್. ತೂಕ 52.3. ಡಿಗಾಕ್ಸಿನ್ ಮತ್ತೆ ಶುರು ಮಾಡಲಿಲ್ಲ. ಮೆಟೊಪ್ರೊಲಾಲ್ ಮೆಲ್ಲಗೆ ವಾಪಸ್ ಬಂತು. ಡೊಂಪೆರಿಡೋನ್, ನೊರೆ ಪುಡಿ, ಡೈಕ್ಲೋಫೆನಾಕ್ ಮೂರನ್ನೂ ಸೊಸೆ ತಾವೇ ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು. ಗಂಟು ನೋವಿಗೆ ಪ್ಯಾರಾಸಿಟಮಾಲ್ ಬರೆದರು.

ಚೀಟಿ ವಿವರಿಸುವ ಕ್ರಮವನ್ನು ನಾನು ಆಗ ಬದಲಿಸಿದೆ. ನಾನು ಹೇಳಿ ಅವರು ತಲೆ ಅಲ್ಲಾಡಿಸುವುದು ಬೇಡ. ಅವರೇ ಹೇಳಲಿ. "ನಾಳೆ ಬೆಳಿಗ್ಗೆ ಎದ್ದದ್ದರಿಂದ ರಾತ್ರಿವರೆಗೆ ಅತ್ತೆಗೆ ಎಂತೆಂತ ಕೊಡ್ತೀರಿ, ನನಗೆ ಹೇಳಿ." ಸೊಸೆ ಒಂದೊಂದೇ ಸ್ಟ್ರಿಪ್ ಎತ್ತಿ ಹೇಳಿದರು. ಎರಡನೇ ಫ್ಯುರೋಸಮೈಡ್ ಹತ್ತಿರ ತಡವರಿಸಿದರು, ಸಂಜೆ ಆರು ಅಂದರು. ಮಧ್ಯಾಹ್ನ ಎರಡು ಅಂತ ತಿದ್ದಿದೆ. ಆರಕ್ಕೆ ಕೊಟ್ಟರೆ ರಾತ್ರಿ ಇಡೀ ಬಾತ್‌ರೂಮಿಗೆ ಎದ್ದು, ಕತ್ತಲಲ್ಲಿ ಬಿದ್ದರೆ? ಇದು ನಾನೇ ಹೇಳಿ ಮುಗಿಸಿದ್ದರೆ ತಿಳಿಯುತ್ತಲೇ ಇರಲಿಲ್ಲ. ಈಗ ನಮ್ಮ ವಾರ್ಡಿನಲ್ಲಿ ಯಾರ ಚೀಟಿಯಲ್ಲಾದರೂ 5/7 ಕಂಡರೆ ಕೆಳಗೆ ಕನ್ನಡದಲ್ಲಿ "ಸೋಮವಾರದಿಂದ ಶುಕ್ರವಾರ ಮಾತ್ರ. ಶನಿ, ಆದಿತ್ಯವಾರ ಬೇಡ" ಅಂತ ಬರೆಯುತ್ತೇವೆ. ಡಾಕ್ಟರುಗಳಲ್ಲಿ ಒಬ್ಬರಿಗೆ ಇದು ಅತಿಯಾಯಿತು ಅನ್ನಿಸಿದೆ. ಇರಲಿ.

ಸೆಪ್ಟೆಂಬರ್ ಕೊನೆಗೆ ಸೊಸೆ ಫೋನ್ ಮಾಡಿದ್ದರು. ತೂಕ 52.4, ದಿಂಬು ಒಂದೇ. ರಿವ್ಯೂಗೆ ಹೋದಾಗ ಸ್ಪೈರೊನೊಲ್ಯಾಕ್ಟೋನ್ ಅರ್ಧ ಮಾತ್ರೆ ಮತ್ತೆ ಶುರು ಮಾಡಿದ್ದಾರಂತೆ, ಒಂದು ವಾರ ಬಿಟ್ಟು ರಕ್ತಪರೀಕ್ಷೆ. ಹಿಂದಿನಿಂದ ಜಲಜಕ್ಕನ ಧ್ವನಿ ಕೇಳುತ್ತಿತ್ತು.

"ಅತ್ತೆ ಕೇಳ್ತಿದ್ದಾರೆ ಸಿಸ್ಟರ್, ಆಗ ಪೊಟ್ಯಾಸಿಯಂ ಜಾಸ್ತಿ ಅಂತ ಬೊಂಡ ಬೇಡ ಅಂದ್ರು, ಆಮೇಲೆ ಕಡಿಮೆ ಆಯ್ತು. ಈಗ ಕುಡೀಬಹುದಾ ಅಂತ. ಗೆಂದಾಳಿ ಮರದಲ್ಲಿ ಒಂದು ಗೊನೆ ಹಾಗೇ ಉಂಟು."

"ಶುಕ್ರವಾರ ರಕ್ತ ಕೊಡಿ. ರಿಪೋರ್ಟ್ ಬಂದ ಮೇಲೆ ಡಾಕ್ಟರ ಹತ್ತಿರ ಕೇಳಿ ಹೇಳ್ತೇನೆ. ಅಲ್ಲಿವರೆಗೆ ಗೊನೆ ಮರದಲ್ಲೇ ಇರ್ಲಿ."